ಪುಟ್ಟನ ಕಡೆಯ ದೊಡ್ಡವರು

"ದೊಡ್ಡೋರಿಗೆ ಆಮೇಲೆ ಬಡಿಸ್ತೀನಿ, ಮೊದ್ಲು ಮಕ್ಕಳದ್ದಾಗ್ಲಿ," ಎಂದು ಅತ್ತಿಗೆ ತನ್ನಿಬ್ಬರು ಮಕ್ಕಳ ಸಾಲಿನಲ್ಲೇ ಮೈದುನ ಪುಟ್ಟನಿಗೂ ತಟ್ಟೆ ಇಟ್ಟಿದ್ದೇ ಎಲ್ಲ ರಗಳೆಗೂ ಮೂಲ. ಪುಟ್ಟನಿಗೆ ಇಪ್ಪತ್ತೆಂಟು ತುಂಬಿತ್ತು. ಲೈಬ್ರರಿಯಲ್ಲಿ ಕೆಲಸವಿತ್ತು. ಎಂ.ಎ. ಪ್ರಮಾಣಪತ್ರ ಹಿಂದಿನ ದಿನವಷ್ಟೇ ಕೈಗೆ ಬಂದಿತ್ತು. ಅದು ಬಂದ ದಿನ ತಾನು ದೊಡ್ಡವನಾಗಿಬಿಡುತ್ತೇನೆಂದು ಪಾಪ, ವರ್ಷಗಟ್ಟಲೆ ಕಾದಿದ್ದ. ಅಣ್ಣನ ಮನೆಯ ಸೋಫಾದ ಮೇಲೆ ಮುದುರಿ ಮಲಗಿ ಸಾಕಾಗಿತ್ತು. ಇವತ್ತೇ ರೂಮು ಹಿಡಿದು, ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡು ಮಲಗಬೇಕೆಂದು ಹೊರಟ.

ಎರಡು ಬೀದಿ ಆಚೆ, ನಿವೃತ್ತ ಹೆಡ್‌ಮಾಸ್ಟರ ಮಹಡಿಯ ಮನೆ ಖಾಲಿಯಿತ್ತು.

"ಎಂ.ಎ. ಮುಗ್ಸಿದೀನಿ ಸಾರ್," ಎಂದು ಪುಟ್ಟ ಪ್ರಮಾಣಪತ್ರ ಚಾಚಿದ.

"ಸಂತೋಷ ಕಣಪ್ಪ. ಮನೇಲಿ ದೊಡ್ಡೋರು ಯಾರಿದಾರೆ? ಸಂಜೆ ಕರ್ಕೊಂಡ್ ಬಾ."

"ನಾನೇ ದೊಡ್ಡೋನು ಸಾರ್."

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. "ಅಯ್ಯೋ, ಎಲ್ಲಾ ಹುಡುಗ್ರೂ ಹಂಗೇ ಹೇಳೋದು! ಗ್ಯಾಸ್ ಆಫ್ ಮಾಡೋಕೆ ಬರುತ್ತಾ ಕೇಳಿ."

ಬರುತ್ತಿತ್ತು. ಆದರೂ ಪುಟ್ಟ ತೊದಲಿದ. ಮುಗಿಯಿತು ಕತೆ!

ಅಣ್ಣನನ್ನು ಕರೆದರೆ ಮನೆಮಂದಿಯೆಲ್ಲ ವರ್ಷವಿಡೀ ಆಡಿಕೊಳ್ಳುತ್ತಾರೆ. ಪುಟ್ಟ ನೇರವಾಗಿ ಲೈಬ್ರರಿಯ ಅಟೆಂಡರ್ ಹತ್ತಿರ ಹೋದ. ಬೋಳುತಲೆ, ಪೊದೆ ಮೀಸೆ, ಗುಡಾಣದಂಥ ಹೊಟ್ಟೆ.

"ಒಂದರ್ಧ ಗಂಟೆ ನಂಗೆ ಸೋದರಮಾವ ಆಗ್ತೀರಾ?"

"ಅದಕ್ಕೇನ್ ಸಾರ್, ಆಗೋಣ."

ಸಂಜೆ ಮಾವ ಮನೆಯೊಳಗೆ ಕಾಲಿಟ್ಟದ್ದೇ ನಲ್ಲಿ ತಿರುಗಿಸಿ, ಗೋಡೆ ಬಡಿದು ನೋಡಿದ. "ಇಲ್ಲಿ ನೀರು ಜಿನುಗ್ತಿದೆ. ಮೊದ್ಲು ಸರಿ ಮಾಡ್ಸಿ."

ಬೀದಿಯನ್ನೇ ಗದರಿಸುತ್ತಿದ್ದ ಹೆಡ್‌ಮಾಸ್ಟರು, "ಆಗ್ಲಿ, ನಾಳೇನೇ ಮಾಡಿಸ್ತೀನಿ," ಎಂದರು.

"ನಂಗೆ ಪರವಾಗಿಲ್ಲ, ಹೀಗೇ—" ಪುಟ್ಟ ಬಾಯಿ ಹಾಕಿದ.

"ನೀನ್ ಸುಮ್ನಿರೋ," ಎಂದ ಮಾವ. ಪುಟ್ಟ ಸುಮ್ಮನಾದ. ಹಾಗೆ ಸುಮ್ಮನಾದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಹೆಡ್‌ಮಾಸ್ಟರು ಕರಾರುಪತ್ರ ತೆಗೆದು, ಇಬ್ಬರ ಗುರುತಿನ ಚೀಟಿಯನ್ನೂ ಕೇಳಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನ್ರೀ ಇದು? ಮಾವ ಅಳಿಯನಿಗಿಂತ ಎರಡು ವರ್ಷ ಚಿಕ್ಕೋನಾ?"

ಅಟೆಂಡರ್ ತಲೆ ಕೆರೆದುಕೊಂಡು ನಿಜ ಒದರಿದ. "ಮಾವ ಅಲ್ಲ ಸಾರ್, ಜೊತೇಲಿ ಕೆಲಸ ಮಾಡೋನು. ಅಪ್ಪ ತೀರ್ಕೊಂಡ್ರು, ಹದಿನಾರಕ್ಕೇ ಕೆಲಸಕ್ಕೆ ಸೇರ್ದೆ. ಓದೋಕೆ ಪುರುಸೊತ್ತಾಗ್ಲಿಲ್ಲ. ಈಗ ಹೆಂಡ್ತಿ, ಎರಡು ಮಕ್ಕಳು. ನಾನೂ ಮನೆ ಹುಡುಕ್ತಾನೇ ಇದೀನಿ ಸಾರ್."

ಹೆಡ್‌ಮಾಸ್ಟರು ಎದ್ದು ಬಂದು ಅವನ ಭುಜ ತಟ್ಟಿದರು. ಬೀಗದ ಕೈ ಅವನ ಅಂಗೈಯಲ್ಲಿಟ್ಟರು.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದ ಅಟೆಂಡರ್, ಪುಟ್ಟನ ಮುಖ ನೋಡಲಾರದೆ.

ಪುಟ್ಟ ಪ್ರಮಾಣಪತ್ರ ಸುತ್ತಿಕೊಂಡು ಮೆಟ್ಟಿಲಿಳಿದ. ಹಿಂದಿನಿಂದ ಹೆಡ್‌ಮಾಸ್ಟರ ದನಿ ಕೇಳಿಸಿತು, ಅಟೆಂಡರಿಗೆ:

"ಕತ್ತಲಾಗ್ತಿದೆ, ಒಬ್ನೇ ಹೋಗ್ತಿದಾನೆ. ಸ್ವಲ್ಪ ಮನೆ ತನಕ ಬಿಟ್ಟು ಬಂದ್ಬಿಡಿ."