ಗುಡಿಸುವವರು ಬರುತ್ತಾರೆಂದು ಗುಡಿಸಿದ್ದು

ದಾವಣಗೆರೆಯಲ್ಲಿ ಹುಟ್ಟಿ, ದಾವಣಗೆರೆಯಲ್ಲೇ ಬೆಳೆದು, ಮಂಡಕ್ಕಿಯ ಮೇಲೆ ಯುದ್ಧ ಸಾರಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ಅಂಥವರು ಇದ್ದದ್ದೇ ಒಬ್ಬರು; ಅವರು ನನಗೆ ಸೋದರಮಾವ ಆಗಬೇಕು!

ಹತ್ತಿ ದಲ್ಲಾಳಿ ಸಾಹುಕಾರರೊಬ್ಬರ ಆಫೀಸಿನಲ್ಲಿ ಅವರು ಹೆಡ್ ಗುಮಾಸ್ತರು. "ಒಳಗೆ ಮಂಡಕ್ಕಿ ತರಕೂಡದು" ಎಂದು ಸ್ವಹಸ್ತದಿಂದ ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದ್ದರು. ಕಾರಣ? ಮಂಡಕ್ಕಿ ಹಗುರ, ಫ್ಯಾನಿನ ಗಾಳಿಗೆ ಹಾರುತ್ತದೆ. ಹಾರಿದ್ದು ಹತ್ತಿಯೊಳಗೆ ಸೇರಿದರೆ ಬಿಳಿಯಲ್ಲಿ ಬಿಳಿ, ಶಿವನಿಗೂ ಕಾಣದು! ಮೆಣಸಿನಕಾಯಿ ಬಜ್ಜಿಗೆ ಮಾತ್ರ ಅನುಮತಿ ಇತ್ತು. ಮಂಡಕ್ಕಿ ಇಲ್ಲದ ಮೆಣಸಿನಕಾಯಿ ಎಂದರೆ ಮದುಮಗಳಿಲ್ಲದ ಮದುವೆ. ಗೊಣಗಿಕೊಂಡು ತಿನ್ನುತ್ತಿದ್ದೆವು.

ನಾನು ಮೂಟೆ ಹೊತ್ತು, ತಕ್ಕಡಿ ಹಿಡಿದು, ಬೆವರಿನಲ್ಲೇ ಬೆಳೆದವನು. ನಯಾಪೈಸೆ ಬಂದ ಹೊಸದರಲ್ಲಿ ಮಾವ ನನ್ನನ್ನು ತೂಕದ ಗುಮಾಸ್ತನೆಂದು ಆ ಆಫೀಸಿಗೆ ಸೇರಿಸಿದರು. ಇಸ್ತ್ರಿ ಅಂಗಿ ತೊಟ್ಟು ಜಂಬದಿಂದ ಹೋದರೆ ಮೊದಲ ದಿನವೇ ಕೈಗೊಂದು ಪೊರಕೆ!

"ಇದೇನ್ ಮಾವ, ನಾನು ಗುಮಾಸ್ತ ಅಲ್ಲೇನು?"

"ಗುಮಾಸ್ತ ಅಂದ್ರೆ ದಿನಾ ಕಸ ಮಾಡೋನು. ಮಾಡಿದೋನೇ ಕಸ ಗುಡಿಸಬೇಕು. ತಗ!"

ಅಲ್ಲಿ ಗುಡಿಸಲಿಕ್ಕೆಂದು ಬೇರೆ ಆಳಿರಲಿಲ್ಲ. ನಮಗೆಲ್ಲ ಪಾಳಿ ಇತ್ತು, ಮಾವನಿಗೂ ಇತ್ತು. ನಮ್ಮ ಪಾಳಿಯ ದಿನ ಬೆಂಚಿನ ಕಾಲಿನ ಹಿಂದೆ ಒಂದು ಶೇಂಗಾ ಸಿಪ್ಪೆ ಅಡಗಿಸಿಟ್ಟು, ಸಂಜೆ ಬಗ್ಗಿ ನೋಡುತ್ತಿದ್ದರು. ಸಿಪ್ಪೆ ಅಲ್ಲೇ ಇದ್ದರೆ ನಮ್ಮ ಕಥೆ ಮುಗಿಯಿತು. ಒಮ್ಮೆ ನಾನು ಜಾಣತನ ಮಾಡಿ, ಸಿಪ್ಪೆ ತೆಗೆದು ಅವರ ಟೋಪಿಯೊಳಗೆ ಇಟ್ಟೆ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಎರಡು ಸಿಪ್ಪೆ ಇಟ್ಟಿದ್ದರು!

ಹೀಗಿರಲು ನಮ್ಮ ಸಾಹುಕಾರರು ಹರಿಹರದಲ್ಲಿ ಯಾರದೋ ದೊಡ್ಡ ಆಫೀಸಿಗೆ ಹೋಗಿ, ಖಾಕಿ ತೊಟ್ಟವರು ಫಿನಾಯಿಲ್ ಹಾಕಿ ನೆಲ ಒರೆಸುವುದನ್ನು ಕಂಡುಬಂದರು. ಬಂದವರೇ ಮಾವನ ಮುಂದೆ ಶುರು ಮಾಡಿದರು:

"ಗುಡಿಸೋರನ್ನ ಇಡಣ್ರಿ. ನೀವು ಪೊರಕೆ ಹಿಡಿದು ನಿಂತಿರ್ತೀರಿ, ಬಂದ ವ್ಯಾಪಾರಿ ನಿಮಗೇ 'ಏ, ಹೆಡ್ ಗುಮಾಸ್ತರು ಅದಾರೇನಲೇ?' ಅಂತ ಕೇಳ್ತಾನೆ!"

"ಕೇಳ್ಲಿ ಬಿಡ್ರಿ, 'ಅದಾರೆ, ಕೂಡ್ರಿ' ಅಂತೀನಿ. ಹೊರಗಿನೋರು ಬ್ಯಾಡ. ನಮ್ಮದ್ರಾಗೆ ಕಸ ಯಾವುದು, ಮಾಲು ಯಾವುದು ಅಂತ ಅವರಿಗೆ ಹೆಂಗೆ ಗೊತ್ತಾಗಬೇಕು?"

"ಸೋಮವಾರ ಆ ಹರಿಹರದೋರು ಒಂದಿನ ಬಂದು ಮಾಡಿ ತೋರಿಸ್ಲಿ. ಆಮ್ಯಾಲೆ ನೋಡಣ."

ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದೆ. ಮಾವ ಬಂದು ಹೊದಿಕೆ ಎಳೆದರು.

"ಏಳಲೇ, ಆಫೀಸು ಗುಡಿಸಣ."

"ನಾಳೆ ಅವರೇ ಗುಡಿಸಾಕೆ ಬರ್ತಾರಲ್ಲ ಮಾವ!"

"ಅದಕ್ಕೇ! ಹರಿಹರದೋರು ಬಂದು ದಾವಣಗೆರೆ ಕಸ ನೋಡಬೇಕೇನು? ಮರ್ಯಾದೆ ಐತೋ ಇಲ್ಲೋ ನಿನಗೆ?"

ಏನೆಂದು ಹೇಳಲಿ! ಇಬ್ಬರೇ ಕೂಡಿ ಆ ಆಫೀಸನ್ನು ಉಜ್ಜಿದ ಪರಿಗೆ ಗೋಡೆಯ ಹಲ್ಲಿಗಳು ಸಂಕೋಚಪಟ್ಟು ಪಕ್ಕದ ಅಂಗಡಿಗೆ ವಲಸೆ ಹೋದವು. ಮಾವ ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆಯನ್ನು ತಮ್ಮ ಟವೆಲ್ಲಿನಿಂದಲೇ ಒರೆಸಿದರು. ನಾನು ಕಪಾಟಿನ ಸಂದಿಯಿಂದ ಹಿಡಿದು ಹೊಸ್ತಿಲವರೆಗೆ ಬಳಿದು, ಬುಟ್ಟಿಗಟ್ಟಲೆ ಕಸವನ್ನು ಬೀದಿ ಕೊನೆಯ ಗುಂಡಿಗೆ ಸುರಿದು ಬಂದೆ.

ಸೋಮವಾರ ಮೊದಲ ಬಸ್ಸಿಗೆ ಖಾಕಿಯವರು ಮೂವರು ಇಳಿದರು. ಅವರ ಮೇಸ್ತ್ರಿ ಒಳಗೆ ಬಂದು ಕಿಟಕಿಯ ಮೇಲೆ ಬೆರಳು ಎಳೆದ, ಬೆರಳು ನೋಡಿಕೊಂಡ, ಮತ್ತೊಮ್ಮೆ ಎಳೆದ.

"ಗುಮಾಸ್ತರೇ, ನಮ್ಮನ್ನ ಯಾಕ ಕರೆಸಿದ್ರಿ? ಇಲ್ಲಿ ಎಲೆ ಇಲ್ಲದೇ ಊಟಕ್ಕೆ ಬಡಿಸಬೋದು!"

ಮಾವನ ಮುಖದಲ್ಲಿ ಮದುಮಗನ ಕಳೆ! ಪಾಪ, ಖಾಕಿಯವರು ಬಂದ ತಪ್ಪಿಗೆ ನೆಲಕ್ಕೆ ಫಿನಾಯಿಲ್ ಎರಚಿ ಸುಮ್ಮನೆ ಕೂತರು.

ಹತ್ತು ಗಂಟೆಗೆ ಕುಕ್ಕುವಾಡದ ರೈತ ಬಸಣ್ಣ ಬಂದ. ಬೆನ್ನಿಗೇ ಅವನ ಹತ್ತಿ ಕೊಂಡಿದ್ದ ವ್ಯಾಪಾರಿ. ವ್ಯಾಪಾರಿಯ ತಕರಾರು: ಅಂಡಿಗೆ ಎನ್ನುವ ದೊಡ್ಡ ಮೂಟೆಯ ಮೇಲ್ಭಾಗದಲ್ಲಿ ಒಳ್ಳೆಯ ಹತ್ತಿ ತೋರಿಸಿ, ಒಳಗೆ ಕಳಪೆ ತುಂಬಿದ್ದಾನೆ. ಇಂಥ ಜಗಳಕ್ಕೆಂದೇ ನಮ್ಮಲ್ಲೊಂದು ಪದ್ಧತಿ ಇತ್ತು. ವ್ಯಾಪಾರ ಕುದುರಿದ ದಿನ ಅಂಡಿಗೆಯ ಹೊಟ್ಟೆಯಿಂದ ಒಂದು ಹಿಡಿ ಹತ್ತಿ ಎಳೆದು, ನೀಲಿ ಕಾಗದದಲ್ಲಿ ಪುಡಿಕೆ ಕಟ್ಟಿ, ಕಾಗದದ ಮೇಲೆ ಇಬ್ಬರ ಸಹಿ ಹಾಕಿಸಿ ಕಪಾಟಿನಲ್ಲಿ ಇಡುವುದು. ಪುಡಿಕೆ ಬಿಚ್ಚಿದರೆ ನ್ಯಾಯ ಮುಗಿಯಿತು.

"ನಮ್ಮಪ್ಪನ ಕಾಲದಿಂದ ಈ ಅಂಗಡಿಗೇ ಹತ್ತಿ ಹಾಕೀವಿ," ಎಂದ ಬಸಣ್ಣ. "ಮೋಸಗಾರ ಅನ್ನಿಸ್ಕೊಂಡು ಊರಿಗೆ ಹೆಂಗೆ ಹೋಗ್ಲಿ? ಪುಡಿಕೆ ಬಿಚ್ರಿ."

ಕಪಾಟು ತೆರೆದರೆ ಎಲ್ಲರ ಪುಡಿಕೆಯೂ ಇದೆ, ಅವನದೊಂದೇ ಇಲ್ಲ!

ನಿನ್ನೆ ಗುಡಿಸಿದ್ದು ನನಗೆ ನೆನಪಾಯಿತು. ಕಪಾಟಿನ ಸಂದಿಯಲ್ಲಿ ಏನೋ ನೀಲಿ ಬಿದ್ದಿದ್ದು ಕಂಡಿತ್ತು. ತಿರುಗಿಸಿ ನೋಡದೆ ಪೊರಕೆ ಎಳೆದಿದ್ದೆ.

ಸಾಹುಕಾರರು ಮೇಸ್ತ್ರಿಯ ಮೇಲೆ ಹಾರಿದರು. "ಎಲ್ಲಿ ಒಗೆದ್ರಲೇ ಅದನ್ನ?"

"ನಾವು ಪೊರಕೇನೇ ಎತ್ತಿಲ್ಲ ಸಾಹುಕಾರ್ರೇ! ಎತ್ತಾಕೆ ಇಲ್ಲಿ ಕಸ ಎಲ್ಲೈತೆ?"

"ಸುಳ್ಳು ಬ್ಯಾಡ!" ಎಂದವರೇ ಮಾವನ ಕಡೆ ತಿರುಗಿದರು. "ನೀವು ಹೇಳಿದ್ದೇ ಖರೆ. ಹೊರಗಿನೋರ ಸಹವಾಸ ಇನ್ನು ಈ ಜನ್ಮಕ್ಕೆ ಬ್ಯಾಡ. ಕಳಿಸ್ರಿ ಇವರನ್ನ."

ಎಷ್ಟು ದಿನದ ವಾದ ಅದು! ಮಾವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಗೆದ್ದಾಗಿತ್ತು. ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ತಕ್ಕಡಿಯ ಕಡೆ ನೋಡಿದೆ.

"ಅವರಲ್ರಿ ಸಾಹುಕಾರ್ರೇ. ನಿನ್ನೆ ಆ ಕಪಾಟು ಗುಡಿಸಿದೋನು ನಾನು. ನನ್ನ ಕೈಲೇ ಹೋಗೈತೆ."

ಹೇಳಿದವರೇ ಬೀದಿ ಕೊನೆಗೆ ನಡೆದರು. ನೊಣ ಕೂತರೆ ಸ್ನಾನ ಮಾಡುವ ಮನುಷ್ಯ ಗಂಜಿ ಹಾಕಿದ ಧೋತರ ಮೇಲೆ ಕಟ್ಟಿ ಆ ಗುಂಡಿಗೆ ಇಳಿದು, ಎರಡೂ ಕೈಯಿಂದ ಕೆದರತೊಡಗಿದರು. ನಾನೂ ಇಳಿದೆ. ಮೇಸ್ತ್ರಿ ದಡದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ.

"ಮ್ಯಾಲೆ ಬರ್ರಿ ಯಜಮಾನ್ರೇ. ಹಿಂಗೆ ಕಲಸಿದ್ರೆ ಬರೋ ದೀಪಾವಳಿಗೂ ಸಿಗಂಗಿಲ್ಲ. ಕಸದಾಗೂ ನಿನ್ನೇದು ಬ್ಯಾರೆ, ಮೊನ್ನೇದು ಬ್ಯಾರೆ ಇರ್ತೈತೆ."

ಖಾಕಿಯವರು ಮೂವರೂ ಇಳಿದು, ರೊಟ್ಟಿ ಮಗುಚಿದ ಹಾಗೆ ಪದರ ಪದರವಾಗಿ ಕಸ ಎತ್ತಿದರು. ಬೆಳಿಗ್ಗೆ ಸುರಿದ ಹೋಟೆಲಿನ ಎಲೆಗಳು, ಅದರ ಕೆಳಗೆ ನಮ್ಮ ಹತ್ತಿಯ ಧೂಳು, ಧೂಳಿನೊಳಗೆ ನೀಲಿ ಪುಡಿಕೆ. ದಾರ ಕೂಡ ಸಡಿಲಾಗಿರಲಿಲ್ಲ!

ಬಿಚ್ಚಿದರು. ಹೊಟ್ಟೆಯ ಹತ್ತಿಯೂ ಮೇಲಿನದರಷ್ಟೇ ಉದ್ದ ಎಳೆಯದು. ವ್ಯಾಪಾರಿ ತನ್ನ ಸಹಿಯನ್ನು ತಾನೇ ನೋಡಿ ಕೆಮ್ಮಿದ. ಬಸಣ್ಣ ಪುಡಿಕೆಯನ್ನು ಕಣ್ಣಿಗೆ ಒತ್ತಿಕೊಂಡು, ಮೇಸ್ತ್ರಿಗೂ ಮಾವನಿಗೂ ಕೈಮುಗಿದ.

"ಇವರನ್ನ ಇಟ್ಕಳ್ರಿ," ಎಂದರು ಮಾವ ಸಾಹುಕಾರರಿಗೆ. "ಗುಡಿಸಾಕೆ ನಮಗೂ ಬರ್ತೈತೆ. ಕಸ ಓದಾಕೆ ಇವರಿಗಷ್ಟೇ ಬರ್ತೈತೆ."

ಸಂಜೆ ಇಬ್ಬರೂ ಮನೆಯ ಕಡೆ ನಡೆದೆವು.

"ಮಾವ, ಅದನ್ನ ಒಗೆದೋನು ನಾನು."

"ಗೊತ್ತೈತೆ."

"ಮತ್ತೆ ಯಾಕ ನಿಮ್ಮ ಮ್ಯಾಲೆ ಹಾಕ್ಕಂಡ್ರಿ?"

"ನಾನು ಒಗೆದೆ ಅಂದ್ರೆ ವಯಸ್ಸಾತು ಅಂತಾರೆ, ಅಷ್ಟೇ. ನೀನು ಅಂದ್ರೆ, ನಾಕನೇ ಕ್ಲಾಸಿಗೆ ಶಾಲೆ ಬಿಟ್ಟೋನು, ಕಾಗದದ ಮ್ಯಾಲೆ ಬರೆದಿದ್ದು ಓದಾಕೆ ಬರಂಗಿಲ್ಲ ಅಂತಾರೆ, ಮತ್ತೆ ಮೂಟೆ ಹೊರಾಕೆ ಕಳಿಸ್ತಾರೆ."

ನನಗೆ ರೋಷ ಉಕ್ಕಿತು. "ನನಗೆ ಓದಾಕೆ ಬರ್ತೈತೆ ಮಾವ! ಅವಸರಕ್ಕೆ ನೋಡಲಿಲ್ಲ, ಅಷ್ಟೇ!"

"ನನಗೆ ಗೊತ್ತೈತಲೇ," ಎಂದರು ಮಾವ. "ಊರಿಗೆ ಗೊತ್ತಿಲ್ಲ."

ಅವರು ಮುಂದೆ ನಡೆದರು. ನಾನು ಸ್ವಲ್ಪ ಹಿಂದೆ ಉಳಿದೆ.