ಸರ್ವಮಂಗಳತ್ತೆಯ ಓಡುವ ತಟ್ಟೆ

"ಬ್ಯಾಡಲೇ ಬಕ್ಕ್ಯಾ, ನೀ ಹತ್ತಬ್ಯಾಡ! ಸುಮ್ನೆ ಕಂಬ ತಬ್ಬಿಕೊಂಡು ನಿಂತ್ಕೋ. ನಿನ್ ಭಾರಕ್ಕೆ ಅದೇ ನೆಲದಾಗ ಇಳೀತತಿ, ಮ್ಯಾಲಿನ ತಂತಿ ತಾನಾಗೇ ನಿನ್ ಕೈಗೆ ಬರ್ತತಿ!"

ರುದ್ರಮುನಿ ಹೀಗೆಂದದ್ದು ಮೈದಾನದ ನಟ್ಟನಡುವೆ, ಅಷ್ಟೂ ಹುಡುಗರ ಎದುರು. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಅವನು ದಾವಣಗೆರೆಯ ಹುಡುಗರಿಗೆ ಕಂಬ ಹತ್ತುವುದನ್ನು ಕಲಿಸುತ್ತಿದ್ದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೊಟ್ಟೆಗಳು ಹಿಡಿತಕ್ಕೆ ಸಿಗುವಂಥವು. ಬಕ್ಕೇಶನದು ಎರಡು ಕೈಗೂ ಸಿಗುವಂಥದ್ದಾಗಿರಲಿಲ್ಲ.

ಬಕ್ಕೇಶನ ಕಿವಿ ಕೆಂಪಾಯಿತು. ಹತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಅವನನ್ನು ಒಳಗೆ ಕರೆಯುವ ಸರ್ಕಾರಿ ನೌಕರಿ ಎಂದರೆ ಈ ಲೈನ್‌ಮನ್ ಕೆಲಸವೊಂದೇ. ಅದೂ ಈ ಕಂಬ ಹತ್ತಿದರೆ ಮಾತ್ರ. ಹತ್ತದಿದ್ದರೆ ಜನ್ಮವೆಲ್ಲ ಅತ್ತೆಯ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಾ ಕೂರಬೇಕು. ಕಂಬಕ್ಕೊಮ್ಮೆ ಒದ್ದು, ಕಾಲು ನೋಯಿಸಿಕೊಂಡು, ಕುಂಟುತ್ತಾ ಅಂಗಡಿಗೆ ಬಂದ.

"ಯಾವನ್ಲೇ ಹಂಗಂದಿದ್ದು?" ಎಂದು ಸರ್ವಮಂಗಳತ್ತೆ ಸ್ಕ್ರೂಡ್ರೈವರ್ ಹಿರಿದು ಎದ್ದಳು.

"ರುದ್ರಮುನಿ."

"ಸುಳ್ಳೇನ್ ಹೇಳಿಲ್ಲ ಬಿಡು," ಎಂದು ಮತ್ತೆ ಕೂತಳು.

"ಅತ್ತೇ!"

"ಪರೀಕ್ಷೆ ಯಾವಾಗ?"

"ದಸರಾ ಮುಗಿದ್ ಮ್ಯಾಲೆ."

"ಮೊನ್ನೆ ಯುಗಾದಿ ಆತು. ಬೇಕಾದಷ್ಟು ಟೈಮ್ ಐತಿ."

"ನಂಗೆ ಮುಂದಿನ ವಾರದಾಗೇ ತೂಕ ಇಳೀಬೇಕು! ಅದೇನೋ ಪುಡಿ ಸಿಗ್ತತಂತೆ, ನೀರಾಗ ಕಲೆಸಿ ಕುಡುದ್ರೆ..."

"ವಾರದಾಗ ಇಳಿಯೋದು ಭೇದಿ ಹತ್ತಿದ್ರೆ ಅಷ್ಟೇ! ಅದೂ ನಿಂತ ಮ್ಯಾಲೆ ಬಡ್ಡಿ ಸಮೇತ ವಾಪಸ್ ಬರ್ತತಿ. ಒಳಗ ಬಾ, ಒಂದು ವಸ್ತು ತೋರಿಸ್ತೀನಿ."

ಅತ್ತೆಯ 'ವಸ್ತು' ಎಂದರೆ ಓಣಿಯ ಜನಕ್ಕೆ ಎದೆ ಢವಢವ. ಕಳೆದ ವರ್ಷ ಆಕೆ ಮಾಡಿದ ಸೊಳ್ಳೆ ಹಿಡಿಯುವ ಫ್ಯಾನು ಪಕ್ಕದ ಮನೆಯವರ ಒಣಗಿಸಿದ ಬಟ್ಟೆಗಳನ್ನಷ್ಟೇ ಹಿಡಿದಿತ್ತು!

ಈ ಸಲ ಮೇಜಿನ ಮೇಲಿದ್ದದ್ದು ಒಂದು ಸ್ಟೀಲ್ ತಟ್ಟೆ. ಕೆಳಗೆ ನಾಲ್ಕು ಗಾಲಿ. ಆ ಕಬ್ಬಿಣದ ಮೇಜಿನಿಂದ ಉರುಳಿ ಉರುಳಿ ಬೀಳುತ್ತಿತ್ತೆಂದು ಗಾಲಿಗಳೊಳಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಕೂರಿಸಿದ್ದಳು. ಮೇಲೆ ಜಾಲರಿಯ ಮುಚ್ಚಳ, ಅಂಚಿನಲ್ಲಿ ಹುಣಸೆ ಬೀಜದಷ್ಟು ಗಾಜಿನ ಕಣ್ಣು.

"ಈ ಕಣ್ಣು ಊಟ ನೋಡ್ತತಿ. ಎಷ್ಟು ಎಣ್ಣಿ, ಎಷ್ಟು ಸಕ್ಕರಿ, ಎಲ್ಲಾ ಲೆಕ್ಕ ಹಾಕ್ತತಿ. ಅದನ್ನ ಕರಗಿಸಾಕೆ ಎಷ್ಟು ದೂರ ಓಡಬೇಕೋ ಅಷ್ಟು ದೂರ ಅದೇ ಓಡ್ತತಿ. ನೀ ಹಿಂದ ಓಡಬೇಕು. ದೂರ ಮುಗಿದ್ ಮ್ಯಾಲೆ ನಿಂತು ಮುಚ್ಚಳ ತೆಗೀತತಿ. ಆವಾಗ ಉಣ್ಣು."

"ನಾ ಹೋಟೆಲ್‌ನಾಗ ಉಣ್ತೀನಿ!"

ಅಷ್ಟರಲ್ಲಿ ಅತ್ತೆ ಅವನ ಮಣಿಕಟ್ಟಿಗೆ ಒಂದು ಪಟ್ಟಿ ಬಿಗಿದು ಬೀಗ ಹಾಕಿಯಾಗಿತ್ತು. "ಉಣ್ಣು. ಈ ತಟ್ಟಿ ಬಿಟ್ಟು ಬ್ಯಾರೆ ಕಡೆ ಕೈ ಬಾಯಿಗೆ ಹೋತು ಅಂದ್ರೆ ಸಣ್ಣಗೆ ಕರೆಂಟ್ ಹೊಡೀತತಿ. ಇನ್ನೊಂದು. ನಿಧಾನಕ್ಕೆ ಅಗಿದು ನುಂಗಬೇಕು. ನಿನ್ ದನಿ ಅದಕ್ಕ ಗೊತ್ತು. ಬಾಯಾಗ ತುತ್ತು ಇಟ್ಕೊಂಡು ಮಾತಾಡಿದ್ಯೋ, ಉಳಿದ ಊಟ ತಗೊಂಡು ಓಡಿ ಹೋಗ್ತತಿ!"

ಪ್ರದರ್ಶನ ನೋಡಲು ಓಣಿಯೇ ನೆರೆಯಿತು. ಅತ್ತೆ ಎರಡು ಜೋಳದ ರೊಟ್ಟಿ, ಒಂದಷ್ಟು ಮೆಂತ್ಯ ಸೊಪ್ಪಿನ ಪಲ್ಯ, ಹೆಸರುಕಾಳು ಇಟ್ಟು ಗುಂಡಿ ಒತ್ತಿದಳು. ತಟ್ಟೆ ಗುರ್ ಎಂದು ಹೊರಟು, ಹಿಟ್ಟಿನ ಗಿರಣಿಯವರೆಗೆ ಓಡಿ, ಸಭ್ಯವಾಗಿ ನಿಂತಿತು. ಬಕ್ಕೇಶ ಏದುಸಿರು ಬಿಡುತ್ತಾ ತಲುಪಿದ. ಜನ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

"ಥೂ, ಇದೂ ಒಂದು ಯಂತ್ರನಾ?" ಎಂದ ಬಕ್ಕೇಶ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ಟಪ್ ಎಂದು ಮುಚ್ಚಳ ಬಿತ್ತು. ತಟ್ಟೆ ಓಡಿತು! ಎರಡನೇ ರೊಟ್ಟಿ ಅವತ್ತು ಬಕ್ಕೇಶನಿಗೆ ಸಿಕ್ಕಿದ್ದು ಗಿರಣಿಯಿಂದ ನಾಲ್ಕು ಓಣಿ ಆಚೆ.

ಮರುದಿನ ಸಂಜೆ ಮಿರ್ಚಿ ಗಾಡಿಯ ವಾಸನೆ ಮೂಗಿಗೆ ಬಡಿಯಿತು. ಬಕ್ಕೇಶ ತಟ್ಟೆ ಹಿಡಿದು ನಿಂತ. ಒಂದು ಪಾವಿನಷ್ಟು ಮಂಡಕ್ಕಿ, ಮೂರು ಮಿರ್ಚಿ. ಕಣ್ಣು ಒಮ್ಮೆ ಮಿಟುಕಿತು, ಗಾಲಿ ಕಿರುಚಿತು, ತಟ್ಟೆ ಸಂತೆಪೇಟೆಯೊಳಗೆ ನುಗ್ಗಿತು. ನುಗ್ಗುತ್ತಾ ಅತ್ತೆಯ ದನಿಯಲ್ಲೇ ಕೂಗತೊಡಗಿತು: "ಬಾರಲೇ ಬಕ್ಕ್ಯಾ! ಆರಿ ಹೋಗ್ತತಿ, ಬಾ!"

ದಾವಣಗೆರೆಯಲ್ಲಿ ಬಕ್ಕ್ಯಾ ಎಂದು ಕೂಗುವುದೆಂದರೆ ಸಾಮಾನ್ಯವೇ? ಊರು ಪೂಜಿಸುವ ಬಕ್ಕೇಶ್ವರಸ್ವಾಮಿಯ ಹೆಸರಿಟ್ಟುಕೊಂಡವರು ಬೀದಿಗೆ ನಾಲ್ವರು! ಬಟ್ಟೆ ಅಂಗಡಿಯ ಬಕ್ಕಪ್ಪ ಮೀಟರ್ ಕೋಲು ಹಿಡಿದೇ ಹೊರಬಂದ. ಸೈಕಲ್ ಶಾಪಿನ ಬಕ್ಕಣ್ಣ ಪಂಪು ಬಿಟ್ಟು ಓಡಿದ. ಒಬ್ಬ ಮುದುಕ ಬಕ್ಕಜ್ಜ, "ಯಾರವ್ವಾ ಕರೆದಿದ್ದು, ಏನ್ ಆರಿ ಹೋಗ್ತತಿ?" ಎನ್ನುತ್ತಾ ಕೋಲೂರಿಕೊಂಡು ಸೇರಿಕೊಂಡ. ಊರ ಬಕ್ಕೇಶರೆಲ್ಲ ಒಂದು ತಟ್ಟೆಯ ಹಿಂದೆ ಓಡುತ್ತಿದ್ದರು! ಕಡೆಗೆ ತಟ್ಟೆ ನಿಂತಾಗ ಮೂರು ಮಿರ್ಚಿಯನ್ನು ಎಲ್ಲರಿಗೂ ಹರಿದು ಹಂಚಬೇಕಾಯಿತು. ನಮ್ಮ ಬಕ್ಕೇಶನ ಪಾಲಿಗೆ ಬಂದದ್ದು ತೊಟ್ಟು.

"ಅತ್ತೇ, ಬಿಚ್ಚು ಈ ಪಟ್ಟಿ! ಮರ್ಯಾದಿ ಹೋತು ನಂದು!"

"ಬೀಗದ ಕೈ ಎಲ್ಲೋ ಬಿದ್ದೈತಿ, ಹುಡುಕ್ತೀನಿ," ಎಂದಳು ಅತ್ತೆ, ಕುತ್ತಿಗೆಯ ದಾರದಲ್ಲಿ ಅದನ್ನು ನೇತುಹಾಕಿಕೊಂಡೇ.

ಸಿಟ್ಟು ನೆತ್ತಿಗೇರಿತು. ಈ ತಟ್ಟೆಗೆ ಬುದ್ಧಿ ಕಲಿಸಲೇಬೇಕು! ಬಕ್ಕೇಶ ತಟ್ಟೆ ಹಿಡಿದು ನೇರ ಹೋಟೆಲಿಗೆ ಹೋಗಿ ನಾಲ್ಕು ಬೆಣ್ಣೆ ದೋಸೆ ಹೇಳಿದ. ಪ್ರತಿ ದೋಸೆಯ ಮೇಲೂ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. "ಇನ್ನೂ ಹಾಕ್ರೀ ಅಣ್ಣಾ," ಎಂದು ಹಾಕಿಸಿದ. "ಓಡಲೇ ಈಗ! ಎಷ್ಟು ಓಡ್ತಿಯೋ ನೋಡೇ ಬಿಡ್ತೀನಿ!"

ತಟ್ಟೆಯ ಕಣ್ಣು ಒಮ್ಮೆ ಮಿಟುಕಿತು. ಇನ್ನೊಮ್ಮೆ ಮಿಟುಕಿತು. ನಂಬಲಾಗದೆ ಮತ್ತೊಮ್ಮೆ ನೋಡಿತು. ಆಮೇಲೆ ಹರಿಹರದ ರಸ್ತೆ ಹಿಡಿಯಿತು.

ಬಕ್ಕೇಶ ಓಡಿದ, ನಡೆದ, ಬೈದ, ಮತ್ತೆ ಓಡಿದ. ಅವನು ಕೂತರೆ ತಟ್ಟೆಯೂ ಒಂದು ಮಾರು ಮುಂದೆ ನಿಂತು ಕಾಯುತ್ತಿತ್ತು. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ, "ಹಿಡಿ ಹಿಡಿ, ಮುಂದಿನ ಸ್ಟಾಪಿಗೆ ಸಿಗ್ತತಿ!" ಎಂದು ಹುರಿದುಂಬಿಸಿದರು. ಹರಿಹರದ ಸೇತುವೆಯ ಹತ್ತಿರ ತಟ್ಟೆ ನಿಂತು ಮುಚ್ಚಳ ತೆರೆದಾಗ ದೋಸೆಗಳು ಚರ್ಮದಂತಾಗಿದ್ದವು. ಬೆಣ್ಣೆಯೆಲ್ಲ ಕರಗಿ ಗಾಜಿನ ಕಣ್ಣಿನೊಳಗೆ ಇಳಿದಿತ್ತು.

ಒಂದನ್ನು ತಿಂದ. ಎರಡನೆಯದನ್ನು ಎತ್ತಿ ನೋಡಿ ಇಟ್ಟ. ಅಷ್ಟು ಓಡಿದ ಮೇಲೆ ಅವನಿಗೆ ನೆನಪಾದದ್ದು, ಯಾಕೋ ಗೊತ್ತಿಲ್ಲ, ಹಿಟ್ಟಿನ ಗಿರಣಿಯ ಮುಂದಿನ ರೊಟ್ಟಿ ಪಲ್ಯ. ಆ ರೊಟ್ಟಿ ಬೆಚ್ಚಗಿತ್ತು. ಮನೆಗೂ ಹತ್ತಿರವಿತ್ತು.

ಆಮೇಲೆ ಯಾರೂ ಹೇಳಲಿಲ್ಲ, ಕೇಳಲಿಲ್ಲ. ಬಕ್ಕೇಶನೇ ಬೆಳಿಗ್ಗೆ ಎದ್ದು, "ಅತ್ತೇ, ರೊಟ್ಟಿ ಹಾಕು, ಸೊಪ್ಪು ಜಾಸ್ತಿ ಇರ್ಲಿ," ಎನ್ನುತ್ತಿದ್ದ. ಕಣ್ಣಿಗೆ ಬೆಣ್ಣೆ ಹತ್ತಿದ ತಟ್ಟೆಗೆ ಈಗ ಲೋಕವೇ ಬೆಣ್ಣೆಯಾಗಿ ಕಾಣುತ್ತಿತ್ತು. ರೊಟ್ಟಿ ಇಟ್ಟರೂ ಬಾತಿ ಗುಡ್ಡದ ತನಕ ಓಡುವುದು, ಸೌತೆಕಾಯಿ ಇಟ್ಟರೂ ಕುಂದವಾಡ ಕೆರೆಗೆ ಸುತ್ತು ಹಾಕುವುದು! ಅತ್ತೆ ರಿಪೇರಿಗೆ ಕೂತರೆ ಬಕ್ಕೇಶ ಬಿಡಲಿಲ್ಲ. "ಇರ್ಲಿ ಬಿಡು. ಕೆರಿ ಕಡೆ ಗಾಳಿ ಚೊಲೋ ಇರ್ತತಿ."

ಮಳೆಗಾಲದ ಹೊತ್ತಿಗೆ ಅವನ ಪ್ಯಾಂಟು ಜಾರತೊಡಗಿತು. ಗಣೇಶನ ಹಬ್ಬದಲ್ಲಿ ಎರಡು ಕಡುಬು ತಿಂದು, ಎರಡಕ್ಕೂ ನಗುನಗುತ್ತಾ ಓಡಿ ಬಂದ. ಸಿಟ್ಟು ಮಾತ್ರ ಒಂದು ತೊಲವೂ ಇಳಿದಿರಲಿಲ್ಲ. ಕೆರೆ ಸುತ್ತುವಾಗೆಲ್ಲ ರುದ್ರಮುನಿಗೆ ಕೊಡಬೇಕಾದ ಉತ್ತರವನ್ನು ತಿದ್ದಿ ತೀಡಿ, ಬೈಗುಳ ಸೇರಿಸಿ ಸಿದ್ಧಮಾಡುತ್ತಿದ್ದ.

ಪರೀಕ್ಷೆಯ ದಿನ ಬಂತು. ಬಕ್ಕೇಶ ಓಟದಲ್ಲಿ ಮೊದಲಿಗನಾದ. ಉಳಿದದ್ದು ಕಂಬ. ಎದುರಿಗೆ ನಿಂತು ಮೇಲೆ ನೋಡಿದ. ಕಬ್ಬಿಣದ ಕಂಬ ಆಕಾಶದವರೆಗೆ ಹೋದಂತಿತ್ತು. ಗುಂಪಿನಲ್ಲಿ ನಿಂತಿದ್ದ ರುದ್ರಮುನಿ ಕೂಗಿದ: "ಬಕ್ಕ್ಯಾ, ತಬ್ಬಿಕೊಂಡು ನಿಂತ್ಕೋ ಸಾಕು, ಇಳೀತತಿ!" ಅದೇ ಹುಡುಗರು, ಅದೇ ನಗೆ. ಬಕ್ಕೇಶ ಕಂಬ ತಬ್ಬಿಕೊಂಡ. ತಬ್ಬಿಕೊಂಡವನು ಅಲ್ಲೇ ನಿಂತುಬಿಟ್ಟ.

"ಹತ್ತಪ್ಪಾ, ಟೈಮ್ ಹೋಗ್ತಾ ಇದೆ!" ಎಂದರು ಗಡಿಯಾರ ಹಿಡಿದ ಸಾಹೇಬರು.

ಅಷ್ಟರಲ್ಲಿ ಯಾರದೋ ಕಾಲು ಬಕ್ಕೇಶನ ಚೀಲಕ್ಕೆ ತಾಗಿತು. ಒಳಗಿದ್ದ ತಟ್ಟೆಯ ಗುಂಡಿ ಒತ್ತಿಕೊಂಡಿತು. ಅತ್ತೆ ಬುತ್ತಿಗೆಂದು ಇಟ್ಟಿದ್ದ ರೊಟ್ಟಿಯನ್ನು ಆ ಕಣ್ಣು ನೋಡಿತು, ಬೆಣ್ಣೆ ಎಂದು ತಿಳಿಯಿತು, ತಟ್ಟೆ ಚೀಲ ಹರಿದುಕೊಂಡು ಹೊರಬಿತ್ತು!

ಸಾಹೇಬರು ಎಗರಿ ಕುರ್ಚಿ ಹತ್ತಿದರು. ಹುಡುಗರು ದಿಕ್ಕಾಪಾಲಾದರು. ತಟ್ಟೆ ಮೈದಾನವನ್ನು ಸುತ್ತಿ ಸುತ್ತಿ ನೋಡಿತು. ನಾಲ್ಕೂ ಕಡೆ ಗೋಡೆ, ಗೇಟು ಮುಚ್ಚಿತ್ತು. ಓಡಬೇಕಾದ ದೂರ ಉಳಿದಿತ್ತು, ನೆಲ ಮುಗಿದಿತ್ತು. ತಟ್ಟೆ ಕಬ್ಬಿಣದ ಕಂಬದ ಕಡೆ ತಿರುಗಿತು. ಅಯಸ್ಕಾಂತದ ಗಾಲಿಗಳು ಟಕ್ ಎಂದು ಕಚ್ಚಿಕೊಂಡವು. ಬಕ್ಕೇಶನ ಮೂಗಿನ ಮುಂದೆಯೇ ಸರ್ರನೆ ಮೇಲೇರಿ, ತುದಿಯಲ್ಲಿ ನಿಂತು ಕೂಗಿತು:

"ಬಾರಲೇ ಬಕ್ಕ್ಯಾ! ಆರಿ ಹೋಗ್ತತಿ, ಬಾ!"

ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ಇಷ್ಟು ತಿಂಗಳು ಆ ದನಿಯ ಹಿಂದೆ ಓಡಿದ ಕಾಲುಗಳು ಅವನನ್ನು ಕೇಳಲೇ ಇಲ್ಲ. ಅಂಗೈ, ಅಂಗಾಲು, ಮತ್ತೆ ಅಂಗೈ. ನೋಡುವವರು ಬಾಯಿ ಮುಚ್ಚುವುದರೊಳಗೆ ಬಕ್ಕೇಶ ತುದಿಯಲ್ಲಿದ್ದ! ಮುಚ್ಚಳ ತಾನಾಗಿ ತೆರೆಯಿತು. ಅರ್ಧ ರೊಟ್ಟಿ ಪಲ್ಯ ಸುತ್ತಿ ಬಾಯಿಗಿಟ್ಟು, ಉಳಿದದ್ದರ ಸಮೇತ ತಟ್ಟೆಯನ್ನು ಕಿತ್ತು ಕಂಕುಳಿಗೆ ಸಿಕ್ಕಿಸಿ, ಜಾರಿ ಇಳಿದ.

"ಪಾಸ್!" ಎಂದರು ಸಾಹೇಬರು, ಕುರ್ಚಿಯಿಂದ ಇನ್ನೂ ಇಳಿಯದೆ.

ರುದ್ರಮುನಿ ಗುಂಪು ಸೀಳಿಕೊಂಡು ಬಂದು ಬಕ್ಕೇಶನ ಭುಜ ತಟ್ಟಿದ. "ನೋಡ್ರಪ್ಪಾ, ನಾ ತಯಾರು ಮಾಡಿದ ಹುಡುಗ! ಹೇಳಲೇ ಬಕ್ಕ್ಯಾ ಎಲ್ಲಾರ ಮುಂದ, ಯಾರ್ಲೇ ನಿಂಗೆ ಕಂಬ ಹತ್ತಾಕೆ ಕಲಿಸಿದ್ದು?"

ಎಲ್ಲರೂ ಬಕ್ಕೇಶನ ಬಾಯಿಯನ್ನೇ ನೋಡಿದರು. ಯುಗಾದಿಯಿಂದ ಸಾಣೆ ಹಿಡಿದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಬಾಯಲ್ಲಿನ್ನೂ ತುತ್ತಿತ್ತು. ಕಂಕುಳಲ್ಲಿ ತಟ್ಟೆ ಗುರ್ ಎಂದು ಸಣ್ಣಗೆ ಮಿಸುಕಿತು.

ಬಕ್ಕೇಶ ರುದ್ರಮುನಿಯನ್ನು ನೋಡಿದ. ತಟ್ಟೆಯಲ್ಲಿ ಉಳಿದಿದ್ದ ಒಂದೂವರೆ ರೊಟ್ಟಿಯನ್ನು ನೋಡಿದ. ನಿಧಾನವಾಗಿ ಅಗಿಯುತ್ತಾ ಗೇಟಿನ ಕಡೆ ನಡೆದ.