ಸರ್ವರ್ ಬಂದ್ ಮಾಡದ ಮಾಮಾ

ನಮ್ಮ ಸೋದರಮಾವನಂಥ ಹಟಮಾರಿ ಜತ್ತ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ, ದಯವಿಟ್ಟು ನಮ್ಮ ಮನೆಗೆ ಮಾತ್ರ ಕರೆತರಬೇಡಿ! ನಡೆಯುತ್ತಿರುವುದನ್ನು ನಿಲ್ಲಿಸುವುದೆಂದರೆ ಮಾಮಾಗೆ ಆಗದು. ಅಂಗಡಿಯಲ್ಲಿ ತಿರುಗುವ ಫ್ಯಾನನ್ನೇ ಒರೆಸಲು ಹೋಗಿ ಬೆರಳು ಊದಿಸಿಕೊಂಡವರು.

"ಬಂದ್ ಮಾಡಿ ಒರಸಬಾರದೇನ್ರಿ?" ಎಂದು ಅತ್ತಿ ಬೈದರೆ, "ಗಿರಾಕಿಗೆ ಸೆಕಿ ಆಗತೈತಿ!" ಅಂದರು.

ಎರಡು ಸಾವಿರದ ಇಸವಿಯ ಈಚಿನ ಮಾತು. ಜತ್ತದ ತಮ್ಮ ಝೆರಾಕ್ಸ್ ಅಂಗಡಿಯಲ್ಲಿ ಕುಳಿತೇ ಮಾಮಾ ಮಾಡಗ್ಯಾಳ ತಳಿಯ ಕುರಿ ಮಾರುವ ವೆಬ್‌ಸೈಟ್ ನಡೆಸುತ್ತಿದ್ದರು. ಕುರಿಯ ಫೋಟೊ, ಕೆಳಗೆ ಮಾಲೀಕರ ಫೋನ್ ನಂಬರು. ನಾನು ಸಾಂಗಲಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳು. ಅಂದರೆ ಸರ್ವವನ್ನೂ ಬಲ್ಲವಳು!

"ಮಾಮಾ, ಸೈಟ್ ನಡಸೂ ಸರ್ವರ್ ಬಂದ್ ಮಾಡಿ, ಹೊಸ ಪುಟದ ಕೋಡ್ ಹಾಕಿ, ಮತ್ತ ಚಾಲೂ ಮಾಡೂಣ್ರಿ."

"ಯಾಕವ್ವಾ? ಹೊಸ ಕೋಡ್ ಬ್ಯಾರೆ ಫೋಲ್ಡರಿನ್ಯಾಗ ಇಡು. ಹಳೇದು ಅಲ್ಲೇ ಇರಲಿ. ಸಿಮ್‌ಲಿಂಕ್ ಅಂದ್ರ ದಾರಿ ತೋರಸೂ ಬೋರ್ಡ್ ಇದ್ದಂಗ. ಸರ್ವರ್ ಅದನ್ನ ನೋಡ್ಕೊಂಡು ಹೋಗತೈತಿ. ಬೋರ್ಡ್ ಹೊಸ ಫೋಲ್ಡರ್ ಕಡಿ ತಿರುಗಿಸಿದ್ರ ಮುಗೀತು!"

ಡಿಪ್ಲೊಮಾದಲ್ಲಿ ಇಲ್ಲದ್ದು ಜಗತ್ತಿನಲ್ಲಿ ಇರಲು ಸಾಧ್ಯವೇ? ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದೆ.

ಬಕ್ರೀದಿಗೆ ಇನ್ನು ನಾಲ್ಕು ದಿನ ಇತ್ತು. ಸೈಟಿಗೆ ಗಿರಾಕಿಯೋ ಗಿರಾಕಿ. ನಾನು ಬರೆದ ಹೊಸ ಕೋಡ್ ಫೋಲ್ಡರಿನಲ್ಲಿಟ್ಟು, ಗತ್ತಿನಿಂದ ಲಿಂಕ್ ತಿರುಗಿಸಿದೆ. ಫೋಲ್ಡರಿನ ಹೆಸರಲ್ಲಿ ಒಂದಕ್ಷರ ತಪ್ಪು! ಇಲ್ಲದ ಊರಿಗೆ ಬೋರ್ಡ್ ಹಾಕಿದ್ದೆ. ಸೈಟಿನಲ್ಲಿ ಒಂದೂ ಕುರಿ ಇಲ್ಲ. ಅಂಗಡಿಯಲ್ಲಿ ಮಾತ್ರ ಒಂದಿತ್ತು, ನಾನು!

ಮಾಮಾಗೆ ಫೋನ್ ಬಂತು. ಬಿಳೂರಿನ ಕುರಿ ವ್ಯಾಪಾರಿ. "ನನ್ನ ಕುರಿ ಎಲ್ಲಿ ಹೋದುವ್ರೀ?" ಎಂಬ ಕೂಗು ನನಗೂ ಕೇಳಿಸಿತು.

ನಾನು ಬಾಯಿ ತೆರೆಯುವ ಮೊದಲೇ ಮಾಮಾ, "ತಪ್ಪು ನಂದs ರೀ ಸಾಹೇಬ್ರ. ಚಸ್ಮಾ ಇಲ್ದ ಕುಂತಿದ್ದೆ" ಅಂದರು. ಚಸ್ಮಾ ಮೂಗಿನ ಮೇಲೇ ಇತ್ತು! ಮಾತಾಡುತ್ತಲೇ ಒಂದೇ ಕೈಯಲ್ಲಿ ಲಿಂಕನ್ನು ಹಳೆಯ ಫೋಲ್ಡರಿಗೆ ತಿರುಗಿಸಿದರು. ಫೋನ್ ಇಡುವಷ್ಟರಲ್ಲಿ ಕುರಿಗಳೆಲ್ಲ ಹಾಜರು.

ನಾನು ಕುರ್ಚಿ ಬಿಟ್ಟು ಎದ್ದೆ. "ನೀವs ಹಾಕ್ರಿ ಮಾಮಾ. ನನಗ ಬ್ಯಾಡ."

"ಕುಂದ್ರು. ಹೆಸರು ಒಂದೊಂದs ಅಕ್ಷರ ಓದು, ಆಮ್ಯಾಲ ತಿರುಗಿಸು. ನಾ ಚಾ ಕುಡದು ಬರ್ತೀನಿ."

ಹೊರಟೇಬಿಟ್ಟರು. ತಪ್ಪಿದ ಅಕ್ಷರ ತಿದ್ದಿ ಓದಿದೆ, ಮತ್ತೆ ಓದಿದೆ, ಲಿಂಕ್ ತಿರುಗಿಸಿದೆ. ಕುರಿಗಳು ಅಲ್ಲೇ ಇದ್ದವು, ಹೊಸ ಪುಟದಲ್ಲಿ!

ಹೇಳಲು ಬಾಗಿಲಿಗೆ ಓಡಿದೆ. ಎದುರಿನ ಚಹಾದಂಗಡಿ ಅಂದು ಬೆಳಿಗ್ಗೆಯಿಂದಲೇ ಮುಚ್ಚಿತ್ತು. ಮಾಮಾ ಅದರ ಮುಂದೆ, ರಣಬಿಸಿಲಿನಲ್ಲಿ, ನನ್ನತ್ತ ಬೆನ್ನು ಮಾಡಿ ಸುಮ್ಮನೆ ನಿಂತಿದ್ದರು.